533ರಲ್ಲಿ ಒಂದು

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಕಳಿಸಿದ. ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ಪ್ರೆಸಿಡೆನ್ಸಿಯ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಲೆಕ್ಕ ಕೇಳಿದ್ದ. ಎಷ್ಟು ಶಾಲೆ, ಎಷ್ಟು ಮಕ್ಕಳು, ಯಾವ ಜಾತಿಯವರು, ಏನು ಓದ್ತಾರೆ ಅಂತ. ಹೆಚ್ಚಿನ ಕಲೆಕ್ಟರುಗಳು ಒಂದು ಪಟ್ಟಿ ತುಂಬಿಸಿ ಕೈ ತೊಳೆದುಕೊಂಡರು. ಕ್ಯಾಂಪ್‌ಬೆಲ್ ಮಾತ್ರ ಕೂತು ಬರೆದ. ಧರ್ಮಪಾಲರು 1983ರಲ್ಲಿ ಈ ವರದಿಗಳನ್ನೆಲ್ಲ ಒಟ್ಟುಮಾಡಿ 'ದಿ ಬ್ಯೂಟಿಫುಲ್ ಟ್ರೀ' ಅನ್ನೋ ಪುಸ್ತಕ ತಂದರು. ಅದರಲ್ಲಿ ನಮ್ಮ ಜಿಲ್ಲೆಯ ವರದಿಯಷ್ಟು ಓದಿಸಿಕೊಂಡು ಹೋಗುವುದು ಇನ್ನೊಂದಿಲ್ಲ.

ಲೆಕ್ಕ ಹೀಗಿದೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಅದರಲ್ಲಿ ಹುಡುಗಿಯರು ಬರೀ 60. ಅಂದರೆ ಸಾವಿರ ಜನಕ್ಕೆ ಹೆಚ್ಚುಕಮ್ಮಿ ಏಳು ಮಂದಿ ಶಾಲೆಯ ಮೆಟ್ಟಿಲು ಹತ್ತಿದ್ದರು. ಆ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರ್ಸಿಯವು 21, ತಮಿಳಿನವು 4, ಸಂಸ್ಕೃತ ಮತ್ತು ಶಾಸ್ತ್ರ ಕಲಿಸುವವು 23. ಕೂಡಿಸಿ ನೋಡಿ, ಒಂದು ಕಮ್ಮಿ ಬರುತ್ತೆ. ಆ ಒಂದೇ ಇಂಗ್ಲಿಷ್ ಶಾಲೆ.

ಆಗಿನ ಬಳ್ಳಾರಿ ಜಿಲ್ಲೆ ಅಂದರೆ ಸಣ್ಣದಲ್ಲ. ಅನಂತಪುರ ಅದರಿಂದ ಬೇರೆಯಾಗಿದ್ದೇ 1882ರಲ್ಲಿ. ಆದೋನಿ, ರಾಯದುರ್ಗ ಎಲ್ಲ ಅದರೊಳಗೇ. ಪಶ್ಚಿಮದ ಅಂಚಿಗೆ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿ ತಾಲೂಕು ಅನ್ನಿಸಿಕೊಂಡಿದ್ದು ಬಹಳ ತಡವಾಗಿ. ಇಷ್ಟು ದೊಡ್ಡ ಸೀಮೆಗೆ ಒಂದು ಇಂಗ್ಲಿಷ್ ಶಾಲೆ! ಅದು ದಂಡು ಇದ್ದ ಬಳ್ಳಾರಿ ಊರಿನಲ್ಲೇ ಇದ್ದಿರಬೇಕು ಅನ್ನೋದು ನನ್ನ ಊಹೆ. ಹರಪನಹಳ್ಳಿ ಹುಡುಗನೊಬ್ಬನಿಗೆ ಇಂಗ್ಲಿಷ್ ಕಲಿಯೋ ಆಸೆ ಹುಟ್ಟಿದ್ದರೆ ನೂರು ಕಿಲೋಮೀಟರಿಗೂ ಮೇಲೆ ನಡೀಬೇಕಿತ್ತು. ಆದರೆ ಆ ಆಸೆ ಹುಟ್ಟೋಕೆ ಕಾರಣವೇ ಇರಲಿಲ್ಲ. ಕಂಪನಿ ಸರ್ಕಾರ ಬಂದು 23 ವರ್ಷ ಆಗಿದ್ದರೂ ತಾಲೂಕು ಕಚೇರಿಯ ಲೆಕ್ಕಪತ್ರ ನಡೀತಿದ್ದದ್ದು ಕನ್ನಡ, ತೆಲುಗು, ಮರಾಠಿಯಲ್ಲಿ. ಇಂಗ್ಲಿಷ್ ಬರುತ್ತೆ ಅಂತ ತೋರಿಸಿ ಕೊಟ್ಟೂರಿನಲ್ಲಿ ಯಾರಿಗೂ ಏನೂ ಸಿಗ್ತಿರಲಿಲ್ಲ.

ಕ್ಯಾಂಪ್‌ಬೆಲ್ ವರದಿಯ ಮಜಾ ಇರೋದು ಅಂಕಿಗಳಲ್ಲಲ್ಲ, ಶಾಲೆಯೊಳಗೆ ಇಣುಕಿ ನೋಡಿದ ಕಡೆ. ಮಗುವಿಗೆ ಐದು ತುಂಬಿದಾಗ ಮೇಷ್ಟ್ರನ್ನೂ ಉಳಿದ ಹುಡುಗರನ್ನೂ ಮನೆಗೆ ಕರೀತಾರೆ, ಗಣಪತಿಯ ಮುಂದೆ ಕೂರಿಸಿ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸ್ತಾರೆ. ಬೆಳಿಗ್ಗೆ ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೀತಾರೆ. ಎರಡನೆಯವನ ಕೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಮೆತ್ತನೆ ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಬಡ್ಡಿ. ಆಫೀಸಿನ ಬಯೋಮೆಟ್ರಿಕ್ ಬೈಯುವ ಮಿತ್ರರು ಗಮನಿಸಿ.

ಮೊದಲು ಮರಳಿನ ಮೇಲೆ ಬೆರಳು, ಆಮೇಲೆ ಕಡತದ ಮೇಲೆ ಬಳಪ. ಕಡತ ಅಂದರೆ ಬಟ್ಟೆಗೆ ಗಂಜಿ, ಇದ್ದಿಲು ಬಳಿದು ಮಡಚಿಟ್ಟ ಕಪ್ಪು ಹಲಗೆ. ಒರೆಸಿ ಮತ್ತೆ ಬರೀಬಹುದು. ಇವತ್ತು ಮಿನಿ ವಿಧಾನಸೌಧದಲ್ಲಿ 'ನಿಮ್ಮ ಕಡತ ಮೇಲೆ ಹೋಗೈತಿ' ಅಂತಾರಲ್ಲ, ಅದೇ ಪದ. ಮುಂದುವರಿದ ಹುಡುಗರು ಹಿಂದುಳಿದವರಿಗೆ ಹೇಳಿಕೊಡುವ ಪದ್ಧತಿ ಕಂಡು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಇಂಗ್ಲೆಂಡ್ ಇದನ್ನು ನಕಲು ಮಾಡಿದ್ದು ಸರಿಯಾಗೇ ಇದೆ ಅಂತಲೂ ಬರೆದ. ನಕಲು ಮಾಡಿದ್ದು ನಿಜ. ಮದ್ರಾಸಿನ ಅನಾಥ ಮಕ್ಕಳ ಶಾಲೆಯಲ್ಲಿದ್ದ ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ಇಲ್ಲಿನ ತಿಣ್ಣೆ ಶಾಲೆ ನೋಡಿ ಕಲಿತು ಅದನ್ನು 'ಮದ್ರಾಸ್ ಸಿಸ್ಟಮ್' ಅಂತ ಇಂಗ್ಲೆಂಡಿಗೆ ಒಯ್ದಿದ್ದ.

ಹಾಗಂತ ವರದಿ ಬರೀ ಹೊಗಳಿಕೆಯಲ್ಲ. ಹುಡುಗರು ಓದೋದೆಲ್ಲ ಪದ್ಯ, ಆಡುಮಾತಿಗೂ ಅದಕ್ಕೂ ಸಂಬಂಧ ಇಲ್ಲ, ಅರ್ಥ ಗೊತ್ತಿಲ್ಲದೆ ಗಿಳಿಪಾಠ ಒಪ್ಪಿಸ್ತಾರೆ ಅಂತ ದೂರಿದ್ದಾನೆ. ಶಾಲೆಗಳು ಕಮ್ಮಿಯಾಗ್ತಿರೋದು ಯಾಕೆ ಅಂತಲೂ ಹೇಳಿದ್ದಾನೆ: ವಿಲಾಯಿತಿ ಬಟ್ಟೆ ಬಂದು ನೇಕಾರರ ಹೊಟ್ಟೆಗೆ ಹೊಡೀತು, ಊರಿನ ದುಡ್ಡು ಹೊರಗೆ ಹೋಯ್ತು, ವಿದ್ಯೆಗೆ ಮೊದಲು ಇದ್ದ ದೊರೆಗಳ ಆಸರೆ ತಪ್ಪಿತು. ಕಂಪನಿಯ ಸಂಬಳ ತಿನ್ನೋ ಕಲೆಕ್ಟರ್ ಕಂಪನಿಗೇ ಇದನ್ನು ಬರೆದಿದ್ದ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ಈ ಕ್ಯಾಂಪ್‌ಬೆಲ್ ಯಾರು ಅಂತ ಹುಡುಕಿದರೆ ಕಥೆ ತಿರುಗುತ್ತೆ. ಬಳ್ಳಾರಿಗೆ ಬರೋ ಮುಂಚೆ ಆತ ಮದ್ರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನ ಮಂಡಳಿಯಲ್ಲಿದ್ದ. 1816ರಲ್ಲಿ ತೆಲುಗು ವ್ಯಾಕರಣ ಬರೆದವನು. ಅದೇ ಪುಸ್ತಕಕ್ಕೆ ಎಫ್.ಡಬ್ಲ್ಯೂ. ಎಲ್ಲಿಸ್ ಬರೆದ ಟಿಪ್ಪಣಿಯಲ್ಲೇ ಕನ್ನಡ, ತಮಿಳು, ತೆಲುಗು ಸಂಸ್ಕೃತದ ಮಕ್ಕಳಲ್ಲ, ಅವುಗಳದ್ದೇ ಒಂದು ಬೇರೆ ವಂಶ ಅನ್ನೋ ವಾದ ಮೊದಲ ಸಲ ಅಚ್ಚಾಯಿತು. ಕಾಲ್ಡ್‌ವೆಲ್‌ಗಿಂತ 40 ವರ್ಷ ಮುಂಚೆ. 1812ರಲ್ಲಿ ಶುರುವಾದ ಆ ಕಾಲೇಜಿನ ಕೆಲಸ ಏನು ಗೊತ್ತಾ? ವಿಲಾಯಿತಿಯಿಂದ ಬರೋ ಎಳೇ ಸಿವಿಲಿಯನ್ನರಿಗೆ ಇಲ್ಲಿನ ಭಾಷೆ ಕಲಿಸಿ ಪರೀಕ್ಷೆ ಮಾಡೋದು. ಪರೀಕ್ಷೆಯಲ್ಲಿ ಮೇಲೇರಿದಂತೆ ಭತ್ಯೆ ಏರ್ತಿತ್ತು. ಪಾಸಾಗದವನಿಗೆ ಜಿಲ್ಲೆಯ ಕೆಲಸ ಇಲ್ಲ.

ಅಂದರೆ 1823ರಲ್ಲಿ ಭಾಷೆ ಬರುತ್ತೆ ಅಂತ ಸಾಬೀತು ಮಾಡಬೇಕಾಗಿದ್ದದ್ದು ಅವರು. ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಕಿಟೆಲ್ ನಿಘಂಟಿಗಿಂತ ಅರವತ್ತೆಪ್ಪತ್ತು ವರ್ಷ ಮುಂಚೆ. ಹಾಗೆ ಬೆವರು ಸುರಿಸಿ ಕನ್ನಡ ಕಲೀಬೇಕಾದ ಓದುಗರು ಯಾರು ಅಂತ ಬೇರೆ ಹೇಳಬೇಕಿಲ್ಲ. ಮನ್ರೋ ಕೂಡ ಕಲಿತವನೇ. 1800ರಿಂದ 1807ರವರೆಗೆ ಈ ಸೀಮೆಯ ಮುಖ್ಯ ಕಲೆಕ್ಟರ್ ಆಗಿ ರೈತರ ಜೊತೆ ದುಭಾಷಿ ಇಲ್ಲದೆ ಮಾತಾಡ್ತಿದ್ದ ಅನ್ನೋ ಹೆಸರು ಅವನಿಗಿದೆ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಎದ್ದು ಮನ್ರೋ ಒಬ್ಬನಿಗೇ ಕಾಣಿಸಿ ಮಾತಾಡಿದ್ರು ಅನ್ನೋ ಕಥೆ ನಿಮಗೂ ಗೊತ್ತಿರಬೇಕು. ಯಾವ ಭಾಷೆಯಲ್ಲಿ ಮಾತಾಡಿದ್ರು ಅಂತ ಚಿಕ್ಕವನಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ. 'ದೇವ್ರಿಗೆ ಬರ್‍ಲಾರದ ಭಾಷೆ ಯಾವ್ದೈತಿ ಬಿಡಲೇ' ಅಂದಿದ್ಳು.

ಮುಂದಿನ ಭಾಗ ನಿಮಗೆ ಶಾಲೆಯಲ್ಲೇ ಹೇಳಿಕೊಟ್ಟಿರ್ತಾರೆ, ಬೇಗ ದಾಟಿಬಿಡ್ತೀನಿ. 1835ರ ಫೆಬ್ರವರಿಯಲ್ಲಿ ಮೆಕಾಲೆಯ ಟಿಪ್ಪಣಿ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನ ಆದೇಶ: ಸರ್ಕಾರಿ ನೌಕರಿಗೆ ಇಂಗ್ಲಿಷ್ ಓದಿದವರಿಗೆ ಮೊದಲ ಮಣೆ. ನನ್ನ ಪ್ರಕಾರ ಮೆಕಾಲೆಗಿಂತ ದೊಡ್ಡ ಏಟು ಇದೇ. ಟಿಪ್ಪಣಿ ಓದಿ ಯಾರೂ ಭಾಷೆ ಕಲಿಯೋದಿಲ್ಲ, ಸಂಬಳ ನೋಡಿ ಕಲೀತಾರೆ. 1846ರಲ್ಲಿ ಬಳ್ಳಾರಿಯಲ್ಲಿ ವಾರ್ಡ್ಲಾ ಶಾಲೆ ಶುರುವಾಯ್ತು. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಬಂತು, ಅದರ ಜೊತೆಗೇ ಮೆಟ್ರಿಕ್ಯುಲೇಷನ್ ಪರೀಕ್ಷೆ. ಅಲ್ಲಿಂದ ಮುಂದೆ 'ಮೆಟ್ರಿಕ್ ಪಾಸ್' ಅನ್ನೋದು ಒಂದು ಜಾತಿಯೇ ಆಗಿಹೋಯ್ತು, 'ಮೆಟ್ರಿಕ್ ಫೇಲ್' ಇನ್ನೊಂದು. ಫೇಲಾಗಿದ್ದನ್ನೂ ಹೆಸರಿನ ಮುಂದೆ ಹಾಕಿಕೊಳ್ತಿದ್ದರು, ಯಾಕಂದ್ರೆ ಕೂತು ಬರೆಯೋ ಮಟ್ಟಕ್ಕಾದ್ರೂ ಬಂದಿದ್ದೆ ಅನ್ನೋದಕ್ಕೆ ಅದೂ ಸಾಕ್ಷಿ.

ಹಾಗೆ 20-25 ವರ್ಷದೊಳಗೆ ಪರೀಕ್ಷೆ ಬರೆಯುವವರೂ ಪರೀಕ್ಷೆ ಮಾಡುವವರೂ ಕುರ್ಚಿ ಬದಲಿಸಿಕೊಂಡರು. ಆದರೆ ಇನ್ನೂ ಅದು ನೌಕರಿಯ ಪರೀಕ್ಷೆ. ಒಂದು ದೇಶದೊಳಗೆ ಕಾಲಿಡೋಕೂ ಭಾಷೆ ಸಾಬೀತು ಮಾಡು ಅನ್ನೋ ಐಡಿಯಾ ಎಲ್ಲಿಂದ ಬಂತು?

ಅದಕ್ಕೆ ಡರ್ಬನ್ನಿಗೆ ಹೋಗಬೇಕು. 1860ರಿಂದ ಮದ್ರಾಸ್ ಮತ್ತು ಕಲ್ಕತ್ತೆಯಿಂದ ಹಡಗು ಹಡಗು ಕೂಲಿಗಳನ್ನು ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ಗದ್ದೆಗಳಿಗೆ ಸಾಗಿಸಿದ್ದರು. ಐದು ವರ್ಷದ ಕರಾರು, ಹೆಬ್ಬೆಟ್ಟು ಒತ್ತಿದರೆ ಸಾಕು. ಅವರ ಹಿಂದೆಯೇ ಸ್ವಂತ ಟಿಕೆಟ್ ತೆಗೆದುಕೊಂಡು ಗುಜರಾತಿ ವ್ಯಾಪಾರಿಗಳು ಹೋದರು. ಅಂಗಡಿ ಇಟ್ಟರು, ಬಿಳಿಯರಿಗಿಂತ ಕಮ್ಮಿ ಬೆಲೆಗೆ ಮಾರಿದರು. ಬಿಳಿಯರಿಗೆ ಉರಿ ಹತ್ತಿತು. 1896ರ ಡಿಸೆಂಬರಿನಲ್ಲಿ ಎರಡು ಹಡಗು ತುಂಬ ಭಾರತೀಯರು ಡರ್ಬನ್ ಬಂದರಿಗೆ ಬಂದಾಗ ಅವರನ್ನು ವಾರಗಟ್ಟಲೆ ಇಳಿಯೋಕೇ ಬಿಡಲಿಲ್ಲ. 1897ರ ಜನವರಿ 13ರಂದು ಇಳಿದ ಒಬ್ಬ ವಕೀಲನನ್ನು ಜನ ಹಿಡಿದು ಕಲ್ಲು, ಕೊಳೆತ ಮೊಟ್ಟೆ ಎಸೆದು ಒದ್ದರು. ಪೊಲೀಸ್ ಸೂಪರಿಂಟೆಂಡೆಂಟನ ಹೆಂಡತಿ ಛತ್ರಿ ಬಿಚ್ಚಿ ಅಡ್ಡ ನಿಲ್ಲದಿದ್ದರೆ ಮೋಹನದಾಸ ಗಾಂಧಿಯ ಕಥೆ ಅಲ್ಲಿಗೇ ಮುಗೀತಿತ್ತು.

ಅದಾದ ಕೆಲವೇ ತಿಂಗಳಿಗೆ ನಟಾಲ್ ಸರ್ಕಾರ ವಲಸೆ ನಿರ್ಬಂಧ ಕಾಯ್ದೆ ತಂತು. ಭಾರತೀಯರು ಬರಬಾರದು ಅಂತ ನೇರ ಬರೆಯೋ ಹಾಗಿರಲಿಲ್ಲ. ಅವರೂ ರಾಣಿಯ ಪ್ರಜೆಗಳೇ, ಲಂಡನ್ ಒಪ್ಪೋದಿಲ್ಲ. ಅದಕ್ಕೇ ಒಂದು ಜಾಣ ದಾರಿ ಹುಡುಕಿದರು: ಒಳಗೆ ಬರುವವನು ಯಾವುದಾದರೂ ಯುರೋಪಿಯನ್ ಭಾಷೆಯ ಲಿಪಿಯಲ್ಲಿ ಒಂದು ಅರ್ಜಿ ಬರೆದು ಸಹಿ ಹಾಕಬೇಕು. ಅಷ್ಟೇ. ಕಾಯ್ದೆಯಲ್ಲಿ ಬಣ್ಣದ ಮಾತಿಲ್ಲ, ಜಾತಿಯ ಮಾತಿಲ್ಲ. ಗುಜರಾತಿಯಲ್ಲಿ ಲಕ್ಷಗಟ್ಟಲೆ ಲೆಕ್ಕ ಬರೆಯೋ ವ್ಯಾಪಾರಿ 'ಅನಕ್ಷರಸ್ಥ' ಆಗಿಬಿಟ್ಟ. ಇನ್ನೂ ತಮಾಷೆ ಅಂದರೆ ಕರಾರಿನ ಕೂಲಿಗಳಿಗೆ ಈ ಪರೀಕ್ಷೆ ಇರಲಿಲ್ಲ. ಕಬ್ಬು ಕಡಿಯೋಕೆ ಎಬಿಸಿಡಿ ಯಾಕೆ ಬೇಕು? ಬೆನ್ನು ಬಗ್ಗಿಸುವವನು ಬರಲಿ, ಅಂಗಡಿ ಇಡುವವನು ಮಾತ್ರ ಬೇಡ.

ಅದೇ ವರ್ಷ ಲಂಡನ್ನಿನಲ್ಲಿ ವಸಾಹತುಗಳ ಪ್ರಧಾನಿಗಳ ಸಭೆ ಸೇರಿದಾಗ ಸಚಿವ ಜೋಸೆಫ್ ಚೇಂಬರ್ಲಿನ್ ಉಳಿದವರಿಗೂ ಇದೇ ಮಾದರಿ ಅನುಸರಿಸಿ ಅಂತ ಸಲಹೆ ಕೊಟ್ಟ. ಇತಿಹಾಸಕಾರರು ಇದನ್ನು 'ನಟಾಲ್ ಸೂತ್ರ' ಅಂತಲೇ ಕರೀತಾರೆ. ಆಸ್ಟ್ರೇಲಿಯಾ 1901ರಲ್ಲಿ ಅದನ್ನು ಇನ್ನೂ ಚೂಪು ಮಾಡಿತು. ಅಧಿಕಾರಿ 50 ಪದಗಳ ಒಂದು ಪ್ಯಾರಾ ಓದ್ತಾನೆ, ನೀವು ತಪ್ಪಿಲ್ಲದೆ ಬರೀಬೇಕು. ಯಾವ ಯುರೋಪಿಯನ್ ಭಾಷೆ ಅನ್ನೋದು ಅಧಿಕಾರಿಯ ಇಷ್ಟ. ಇಂಗ್ಲಿಷ್ ಬರುತ್ತಾ? ಹಾಗಾದ್ರೆ ಫ್ರೆಂಚಿನಲ್ಲಿ ಬರಿ. 1909ರ ನಂತರ ಈ ಪರೀಕ್ಷೆ ಪಾಸಾದವರು ಒಬ್ಬರೂ ಇಲ್ಲ. ಪಾಸಾಗಲಿ ಅಂತ ಇಟ್ಟಿದ್ದೂ ಅಲ್ಲ. 1934ರಲ್ಲಿ ಹಿಟ್ಲರ್ ವಿರೋಧಿ ಬರಹಗಾರ ಎಗೋನ್ ಕಿಶ್‌ನನ್ನು ಹೊರಗಿಡಬೇಕಾಯ್ತು. ಆತನಿಗೋ ಹಲವು ಭಾಷೆ ಬರ್ತಿದ್ದವು. ಕೊನೆಗೆ ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಬರಿ ಅಂದರು. ಪ್ರಕರಣ ಹೈಕೋರ್ಟಿಗೆ ಹೋಗಿ, ಈ ಕಾಯ್ದೆಯ ಅರ್ಥದಲ್ಲಿ ಗೇಲಿಕ್ ಯುರೋಪಿಯನ್ ಭಾಷೆಯೇ ಅಲ್ಲ ಅನ್ನೋ ತೀರ್ಪು ಬಂತು. ಸ್ಕಾಟ್ಲೆಂಡಿನವರಿಗೆ ಹೇಗನ್ನಿಸಿತೋ! ಈ ಡಿಕ್ಟೇಷನ್ ಪರೀಕ್ಷೆ ಪೂರ್ತಿ ಹೋಗಿದ್ದು 1958ರಲ್ಲಿ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಸ್ಮಾರಕ ಇದೆ. ಬೆಂಗಳೂರಿಂದ ಊರಿಗೆ ಹೋಗುವಾಗ ಹೈವೇಯಲ್ಲೇ ಸೀದಾ ಹೋಗೋ ನಮ್ಮ ಕಡೆಯ ಹುಡುಗರಲ್ಲಿ ಅದನ್ನು ನೋಡಿದವರು ಕಮ್ಮಿ. ಡರ್ಬನ್ನಿನಲ್ಲಿ ಒದೆ ತಿಂದ ಆ ವಕೀಲ ಸತ್ಯಾಗ್ರಹ ಅನ್ನೋ ಪದ ಕಟ್ಟೋದಕ್ಕೆ ಎಷ್ಟೋ ಮೊದಲೇ ನಟಾಲಿನ ಈ ಕಾಯ್ದೆಯ ವಿರುದ್ಧ ಅರ್ಜಿ ಮೇಲೆ ಅರ್ಜಿ ಬರೆದಿದ್ದ, ಅದೂ ಒಳ್ಳೇ ಇಂಗ್ಲಿಷಿನಲ್ಲಿ. 1887ರಲ್ಲಿ ಅವನು ಮೆಟ್ರಿಕ್ ಪಾಸು ಮಾಡಿದಾಗ ಇಂಗ್ಲಿಷಿನಲ್ಲಿ ಬಂದಿದ್ದ ಅಂಕ 200ಕ್ಕೆ 89. ಇವತ್ತಿನ ಕನ್ಸಲ್ಟನ್ಸಿಯವರು ನೋಡಿದ್ದರೆ 'ಸರ್, ಪ್ರೊಫೈಲ್ ಸ್ವಲ್ಪ ವೀಕ್ ಇದೆ' ಅಂತಿದ್ರು.

ವ್ಯಕ್ತಿಗಳಷ್ಟೇ ಅಲ್ಲ, ನಮ್ಮ ನೆಲವೂ ಒಂದು ಸಲ ತನ್ನ ಭಾಷೆ ಯಾವುದು ಅಂತ ಸಾಬೀತು ಮಾಡಬೇಕಾಯ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವಾಗ ಬಳ್ಳಾರಿ ಜಿಲ್ಲೆಯನ್ನು ಭಾಷೆಯ ಲೆಕ್ಕದಲ್ಲಿ ಸೀಳಿದರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಕನ್ನಡದವು ಅಂತ ಮೈಸೂರಿಗೆ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಬಳ್ಳಾರಿ ತಾಲೂಕಿನದ್ದು ಮಾತ್ರ ತೀರ್ಮಾನ ಆಗದೆ ನ್ಯಾಯಮೂರ್ತಿ ಮಿಶ್ರಾ ಅವರ ಮುಂದೆ ವಾದ ನಡೆದು ಕೊನೆಗೆ ಮೈಸೂರಿಗೇ ಸೇರಿತು. ಅಕ್ಟೋಬರ್ 1ಕ್ಕೆ ಎಲ್ಲ ಜಾರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದರ್ಗಾದ ಹತ್ತಿರ ಉರ್ದು, ತಾಂಡಾದಲ್ಲಿ ಲಂಬಾಣಿ ಆಡುವ ಸೀಮೆ ಇದು. ಜನಗಣತಿಯ ಕಾಗದಕ್ಕೆ ಒಂದೇ ಮಾತೃಭಾಷೆ ಬೇಕಿತ್ತು, ಕೊಟ್ಟರು. ನಮ್ಮವರು ಕಾಗದಕ್ಕೆ ತಕ್ಕಂತೆ ಉತ್ತರ ಕೊಡೋದನ್ನು ಆಗಲೇ ಕಲಿತಿದ್ದರು. ಹರಪನಹಳ್ಳಿಯವರಂತೂ ಕೇಳಲೇಬೇಡಿ. 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಒಂದೇ ಮನೆಯಲ್ಲಿ ಅಪ್ಪ, ಅಕ್ಕ, ತಮ್ಮನ ಸರ್ಟಿಫಿಕೇಟಿನಲ್ಲಿ ಮೂರು ಜಿಲ್ಲೆ.

ಇನ್ನು ಈಗಿನ ಪರೀಕ್ಷೆಗಳಿಗೆ ಬರೋಣ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ವಿದೇಶಿಯರಿಗೆ ಅಂತ ಮೊದಲ ಇಂಗ್ಲಿಷ್ ಪರೀಕ್ಷೆ ಇಟ್ಟಿದ್ದು 1913ರಲ್ಲಿ. ಬರೆದವರು ಮೂರು ಜನ, ಮೂವರೂ ಡುಮ್ಕಿ. ಟೋಫೆಲ್ 1964ರಲ್ಲಿ ಬಂತು. ಐಇಎಲ್‌ಟಿಎಸ್ ಈಗಿನ ಹೆಸರಲ್ಲಿ ಶುರುವಾಗಿದ್ದು 1989ರಲ್ಲಿ. ಮೊದಮೊದಲು ಇವೆಲ್ಲ ಓದೋಕೆ ಹೋಗುವವರಿಗೆ ಮಾತ್ರ. ಆಮೇಲೆ ಒಂದೊಂದೇ ದೇಶ ಇದನ್ನು ವೀಸಾಗೆ, ಅಲ್ಲೇ ನೆಲೆಸೋಕೆ, ಪೌರತ್ವಕ್ಕೆ ಜೋಡಿಸಿಕೊಂಡಿತು. ಅಮೆರಿಕದಲ್ಲಿ ಪೌರತ್ವಕ್ಕೆ ಇಂಗ್ಲಿಷ್ ಮಾತಾಡೋಕೆ ಬರಬೇಕು ಅನ್ನೋ ಷರತ್ತು 1906ರಿಂದಲೂ ಇದೆ. ಬ್ರಿಟನ್ 2005ರಲ್ಲಿ 'ಲೈಫ್ ಇನ್ ದಿ ಯುಕೆ' ಪರೀಕ್ಷೆ ತಂದಿತು. 2010ರ ನವೆಂಬರಿಂದ ಅಲ್ಲಿರೋ ಗಂಡನ ಹತ್ತಿರ ಹೋಗೋ ಹೆಂಡತಿಯೂ ವೀಸಾಗೆ ಮೊದಲೇ ಇಂಗ್ಲಿಷ್ ತೋರಿಸಬೇಕು.

ಈ ಪರೀಕ್ಷೆಯಿಂದ ವಿನಾಯಿತಿ ಇರುವ ದೇಶಗಳ ಒಂದು ಪಟ್ಟಿ ಬ್ರಿಟನ್ನಿನ ಗೃಹ ಇಲಾಖೆಯ ಹತ್ತಿರ ಇದೆ. ಹೆಚ್ಚಿನ ಜನ ಇಂಗ್ಲಿಷ್ ಆಡುವ ದೇಶಗಳು ಅಂತ ಅದರ ಹೆಸರು. ಜಮೈಕಾ ಇದೆ, ಬಾರ್ಬಡೋಸ್ ಇದೆ, ಗಯಾನಾ ಇದೆ. ಭಾರತ ಇಲ್ಲ. ಗಯಾನಾ ಅಂದ್ರೆ ಗೊತ್ತಲ್ಲ, 1838ರಿಂದ ನಮ್ಮ ದೇಶದ ಕೂಲಿಗಳನ್ನು ಹಡಗಿನಲ್ಲಿ ತುಂಬಿ ಕಳಿಸಿದ ಜಾಗ. ಅಂದು ಹೆಬ್ಬೆಟ್ಟು ಒತ್ತಿ ಹೋದವನ ಮರಿಮಗನಿಗೆ ಇವತ್ತು ಪರೀಕ್ಷೆ ಇಲ್ಲ. ಎಲ್‌ಕೆಜಿಯಿಂದ ಎಂಟೆಕ್‌ವರೆಗೆ ಇಂಗ್ಲಿಷ್ ಮೀಡಿಯಂ ಓದಿ, ದಿನಕ್ಕೆ ಮೂರು ಸ್ಟ್ಯಾಂಡಪ್ ಕಾಲ್ ಮುಗಿಸೋ ಹಗರಿಬೊಮ್ಮನಹಳ್ಳಿಯ ಇಂಜಿನಿಯರಿಗೆ ಇದೆ.

ನಮ್ಮ ಚಿಕ್ಕಪ್ಪನ ಮಗಳು ಹಡಗಲಿ ತಾಲೂಕಿನ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಕನ್ನಡ ಶಾಲೆ, ಆಮೇಲೆ ಬಿಎಸ್ಸಿ ನರ್ಸಿಂಗ್, ಆಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾಲ್ಕು ವರ್ಷ. ಇಂಗ್ಲೆಂಡಿಗೆ ಹೋಗಬೇಕು ಅಂತ ಐಇಎಲ್‌ಟಿಎಸ್ ಬರೆದಳು. ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿಗೆ ಕೇಳುವುದು, ಓದುವುದು, ಮಾತಾಡುವುದರಲ್ಲಿ 7, ಬರವಣಿಗೆಯಲ್ಲಿ 6.5 ಬೇಕು. ಬರವಣಿಗೆಗೂ ಮೊದಲು 7 ಇತ್ತು, ನರ್ಸುಗಳು ಸಾಲದೆ 2018ರ ಕೊನೆಗೆ ಅರ್ಧ ಇಳಿಸಿದರು. ಅಗತ್ಯ ಬಿದ್ದಾಗ ಭಾಷೆಯ ಗೆರೆ ಎಷ್ಟು ಸಲೀಸಾಗಿ ಸರಿಯುತ್ತೆ ನೋಡಿ. ಇವಳಿಗೆ ಮಿಕ್ಕಿದ್ದೆಲ್ಲ ಬಂತು, ಬರವಣಿಗೆಯಲ್ಲಿ 6. ಎರಡನೇ ಸಲವೂ 6. ಒಂದು ಸಲಕ್ಕೆ 17 ಸಾವಿರ ರೂಪಾಯಿಗೂ ಮೇಲೆ ಫೀಸು.

ಎರಡನೇ ರಿಸಲ್ಟ್ ಬಂದ ರಾತ್ರಿ ಫೋನ್ ಮಾಡಿದ್ದಳು. 'ಅಣ್ಣಾ, ನಾನೇನು ಪೇಶೆಂಟಿಗೆ ಪ್ರಬಂಧ ಓದಿ ಹೇಳಾಕ ಹೊಂಟೀನೇನು? ನಲವತ್ತು ನಿಮಿಷದಾಗ 250 ಪದ ಬರೀಬೇಕಂತ. ಇಷ್ಟು ವರ್ಷದಾಗ ಒಂದು ಕೇಸ್ ಶೀಟ್ ತಪ್ಪು ಬರ್ದಿಲ್ಲ ನಾನು.'

ಅವಳ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೂ ನರ್ಸಿಗೆ ಭಾಷೆಯ ಪರೀಕ್ಷೆಯೇ ಬೇಡ ಅನ್ನೋ ಪಕ್ಷದವನಲ್ಲ ನಾನು. ಡಾಕ್ಟರ್ ಹೇಳಿದ ಡೋಸು ತಪ್ಪು ಕೇಳಿಸಿಕೊಂಡರೆ ಜೀವ ಹೋಗುತ್ತೆ. ನಮ್ಮೂರ ಆಸ್ಪತ್ರೆಗೆ ಕನ್ನಡ ಬಾರದ ಡಾಕ್ಟರ್ ಬಂದು, 'ಹೊಟ್ಟ್ಯಾಗ ಸಂಕಟ ಆಗಾಕತ್ತೈತ್ರಿ' ಅಂದ ಅಜ್ಜಿಗೆ ಹೊಟ್ಟೆನೋವಿನ ಮಾತ್ರೆ ಕೊಟ್ಟು ಕಳಿಸಿದರೆ ನಾವು ಸುಮ್ಮನಿರ್ತೀವಾ? ಆ ಸಂಕಟ ಎದೆಯದ್ದಾಗಿರಬಹುದು. ಕೇಳೋದು, ಮಾತಾಡೋದು ಪರೀಕ್ಷೆ ಮಾಡಲಿ. ನನ್ನ ತಕರಾರು ಆ ಅರ್ಧ ಅಂಕದ ಬಗ್ಗೆ, ಮತ್ತೆ ಆ ಪಟ್ಟಿಯ ಬಗ್ಗೆ. ನರ್ಸ್ ಯಾವ ದೇಶದವಳು ಅನ್ನೋದರಿಂದ ಡೋಸು ಕೇಳಿಸೋ ಕಿವಿ ಬದಲಾಗೋದಿಲ್ಲ. ಇನ್ನೊಂದು ವಿಚಿತ್ರ: ಈ ಸ್ಕೋರಿಗೆ ಎರಡು ವರ್ಷದ ಆಯುಸ್ಸು. ಈಜು, ಸೈಕಲ್ಲು ಮರೆಯೋದಿಲ್ಲ ಅಂತಾರೆ. ಇಂಗ್ಲಿಷ್ ಮಾತ್ರ 24 ತಿಂಗಳಿಗೆ ಎಕ್ಸ್‌ಪೈರಿ ಆಗುತ್ತೆ, ಹಾಲಿನ ಪಾಕೀಟಿನ ಹಾಗೆ.

ಕಬ್ಬಿನ ಗದ್ದೆಯ ಕೂಲಿಗೆ ನಟಾಲಿನಲ್ಲಿ ಪರೀಕ್ಷೆ ಇರಲಿಲ್ಲ ಅಂದೆನಲ್ಲ, ಅದೂ ಹಳೇ ಕಥೆಯಾಗಿಲ್ಲ. ಗಲ್ಫಿಗೆ ಸೆಂಟ್ರಿಂಗ್, ಗಾರೆ ಕೆಲಸಕ್ಕೆ ಹೋಗುವವರನ್ನು ಯಾರೂ ಬ್ಯಾಂಡ್ ಸ್ಕೋರ್ ಕೇಳೋದಿಲ್ಲ. ಅವರಿಗೆ ನಮ್ಮ ಸರ್ಕಾರದ್ದೇ ಬೇರೆ ಗೆರೆ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಬೀಳುತ್ತೆ, ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು. ಏಜೆಂಟರ ಕೈಯಲ್ಲಿ ಸಿಕ್ಕಿ ಮೋಸ ಹೋಗದಿರಲಿ ಅಂತ ಮಾಡಿದ ಕಾನೂನು, ಉದ್ದೇಶ ಒಳ್ಳೇದೇ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕಡೆಯ ಹುಡುಗರು ಎಡವೋ ವಿಷಯಗಳ ಹೆಸರು ಹೇಳಿ ಅಂದ್ರೆ ಯಾವ ಮೇಷ್ಟ್ರಾದ್ರೂ ಗಣಿತದ ಜೊತೆಗೆ ಇಂಗ್ಲಿಷನ್ನೂ ಹೇಳ್ತಾರೆ. ಹಾಗೆ ಪಾಸ್‌ಪೋರ್ಟಿನ ವರ್ಗವನ್ನೂ ಎಷ್ಟೋ ಸಲ ಇಂಗ್ಲಿಷ್ ಪೇಪರೇ ತೀರ್ಮಾನ ಮಾಡುತ್ತೆ.

ಗೆರೆ ಎಲ್ಲಿ ಎಳೀತಾರೋ ಅಲ್ಲಿ ಕಳ್ಳದಾರಿ ಹುಟ್ಟುತ್ತೆ. 2014ರ ಫೆಬ್ರವರಿಯಲ್ಲಿ ಬಿಬಿಸಿಯ 'ಪನೋರಮಾ' ಲಂಡನ್ನಿನ ಪರೀಕ್ಷಾ ಕೇಂದ್ರಗಳಲ್ಲಿ ಬೇರೆಯವರು ಕೂತು ಟೋಯಿಕ್ ಪರೀಕ್ಷೆ ಬರೆಯೋದನ್ನು ಕದ್ದು ಚಿತ್ರೀಕರಿಸಿ ತೋರಿಸಿತು. ಪರೀಕ್ಷೆ ನಡೆಸುವ ಕಂಪನಿ ಧ್ವನಿಮುದ್ರಣ ಪರಿಶೀಲಿಸಿ ಸುಮಾರು 34,000 ಫಲಿತಾಂಶ ಅಮಾನ್ಯ ಅಂತು, ಇನ್ನೂ 22,000ದಷ್ಟು ಅನುಮಾನ ಅಂತು. ಗೃಹ ಇಲಾಖೆ ಸಾವಿರಾರು ವಿದ್ಯಾರ್ಥಿಗಳ ವೀಸಾ ಕಿತ್ತುಕೊಂಡಿತು. ಅವರಲ್ಲಿ ಭಾರತೀಯರು ಬಹಳ. ಮೋಸ ಮಾಡಿದವರ ಜೊತೆ ಮಾಡದವರೂ ಸಿಕ್ಕಿಬಿದ್ದರು. ಎಷ್ಟೋ ಜನ ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಜಡ್ಜಿನ ಮುಂದೆ ನಿಂತು ಚೆನ್ನಾಗೇ ಇಂಗ್ಲಿಷಿನಲ್ಲಿ ತಮಗೆ ಇಂಗ್ಲಿಷ್ ಬರುತ್ತೆ ಅಂತ ವಾದಿಸಬೇಕಾಯ್ತು.

ನಮ್ಮ ಕಡೆ ಅಷ್ಟು ದೊಡ್ಡ ಮೋಸ ಇಲ್ಲ, ಇರೋದು ಚಿಕ್ಕ ಚೊಕ್ಕ ಸುಳ್ಳು. ಅದರ ಹೆಸರು ಎಂಓಐ ಲೆಟರ್, ಅಂದರೆ ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್. ನಿಮ್ಮ ಡಿಗ್ರಿ ಪೂರ್ತಿ ಇಂಗ್ಲಿಷಿನಲ್ಲೇ ನಡೀತು ಅಂತ ಕಾಲೇಜು ಲೆಟರ್‌ಹೆಡ್ಡಿನಲ್ಲಿ ಪ್ರಿನ್ಸಿಪಾಲರು ಬರೆದು ಸೀಲು ಹಾಕಿ ಕೊಟ್ಟರೆ ಕೆಲವು ವಿಶ್ವವಿದ್ಯಾಲಯಗಳು ಪರೀಕ್ಷೆ ಕೇಳೋದಿಲ್ಲ. ನೀವು ಜಿಲ್ಲೆಯ ಯಾವುದಾದರೂ ಡಿಗ್ರಿ ಕಾಲೇಜಲ್ಲಿ ಓದಿದ್ದರೆ ಕ್ಲಾಸು ಹೇಗೆ ನಡೆಯುತ್ತೆ ಅಂತ ಗೊತ್ತೇ ಇದೆ. ಪುಸ್ತಕ ಇಂಗ್ಲಿಷ್, ಬೋರ್ಡು ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್. ನಡುವೆ ಮೇಷ್ಟ್ರು: 'ಡಿಮ್ಯಾಂಡ್ ಜಾಸ್ತಿ ಆತು ಅಂದ್ರ ಈ ಕರ್ವ್ ಹಿಂಗ ಬಲಕ್ಕ ಸರೀತೈತಿ, ತಿಳೀತೇನ್ರಪಾ?' ತಿಳಿಯೋದು ಕನ್ನಡದಲ್ಲಿ, ಬರೆಯೋದು ಇಂಗ್ಲಿಷಿನಲ್ಲಿ. ಲೆಟರಿನಲ್ಲಿ ಆ ಮೊದಲ ಅರ್ಧಕ್ಕೆ ಜಾಗ ಇಲ್ಲ. ಕ್ಯಾಂಪ್‌ಬೆಲ್ ತನ್ನ ವರದಿಯಲ್ಲಿ ದೂರಿದ್ದ ಗಿಳಿಪಾಠ ತಪ್ಪಿಸೋಕೆ ಇಂಥ ಮೇಷ್ಟ್ರುಗಳು ಪಾಡು ಪಡ್ತಿದ್ದಾರೆ. ಕಾಗದದ ಮೇಲೆ ನೋಡಿದರೆ ಅವರು ಮಾಡ್ತಿರೋದು ತಪ್ಪು.

ನಮ್ಮ ತಂಗಿ ಮೂರನೇ ಸಲಕ್ಕೆ 6.5 ತೆಗೆದಳು. ಎರಡು ತಿಂಗಳ ಸಂಬಳ ಫೀಸಿಗೇ ಹೋಯ್ತು. ಹೋಗಿ ಈಗ ಎರಡನೇ ವರ್ಷ. ಹೋದ ತಿಂಗಳು ಅವಳ ತಮ್ಮ ಎಂಎಸ್ಸಿಗೆ ಹೊರಗೆ ಹೋಗ್ತೀನಿ ಅಂತ ತಾನು ಓದಿದ ಕಾಲೇಜಿಗೆ ಎಂಓಐ ಲೆಟರ್ ಕೇಳೋಕೆ ಹೋಗಿದ್ದ. ಕ್ಲರ್ಕು ತಲೆ ಎತ್ತದೆ ಕೇಳಿದರಂತೆ: 'ಯಾವ ದೇಶಕ್ಕಪ? ಜರ್ಮನಿಗಾದ್ರ ಬ್ಯಾರೆ ಫಾರ್ಮ್ಯಾಟ್ ಐತಿ. ಐರ್ಲೆಂಡಿಗಾದ್ರ ನಾಳೆ ಬಾ, ಸೀಲು ಸಾಹೇಬ್ರ ಹತ್ರ ಐತಿ.'